ರಾಜಧಾನಿಯ ಇರುಳೂ ನಮ್ಮ ತಾಲೂಕುಗಳ ಪ್ರಯಾಣಿಕರೂ

ಶಾಸನ, ವಚನ, ಲಾವಣಿ, ಹಂತಿಯ ಹಾಡು ಮೊದಲಾದವುಗಳ ಚರ್ಚೆ ನಡೆಯುವ ಈ ಪುಟಗಳಲ್ಲಿ ಬಸ್ಸಿನ ವಿಷಯವನ್ನು ಎತ್ತಿಕೊಂಡುದಕ್ಕಾಗಿ ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಅದೂ ನಮ್ಮೂರ ಬಸ್ಸಲ್ಲ. ಐನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಬೆಂಗಳೂರಿನೊಳಗೆ, ಅದರಲ್ಲಿಯೂ ನಡುರಾತ್ರಿಯಲ್ಲಿ ಓಡಬೇಕಾದ ಬಸ್ಸು. “ಆ ಊರಿನವರು ಇರುಳಲ್ಲಿ ತಿರುಗಲಿ, ಬಿಡಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜನರಿಗೆ ಅದರಿಂದೇನು?” ಎಂದು ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕೇಳಿಯೂ ಕೇಳಿದರು. ಈ ಲೇಖನವು ಅವರಿಗೆ ಸಲ್ಲಿಸುವ ಉತ್ತರವಾಗಿದೆ. ಅವರ ವಿದ್ವತ್ತಿಗೆ ತಲೆಬಾಗುತ್ತಲೇ, ಅವರ ಪ್ರಶ್ನೆಯು ತೀರ ತಪ್ಪಾದುದೆಂದು ಹೇಳಬೇಕಾಗಿದೆ.

ಮೊದಲು ನಮ್ಮ ಸ್ಥಿತಿಯನ್ನೇ ನೋಡೋಣ. ನಮ್ಮದು ಮಳೆಯನ್ನು ನಂಬಿದ ಎರೆಭೂಮಿ. ಮಳೆ ತಪ್ಪಿದ ವರ್ಷ ಮನೆಗೆ ಬೀಗ ಹಾಕಿ ಗುಳೆ ಹೋಗುವದು ಇಲ್ಲಿಯ ಹಳೆಯ ದುಃಖ. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಕೃಷ್ಣೆಯ ದಂಡೆಯ ಹಳ್ಳಿಗಳು ನೀರಿನ ಪಾಲಾದವು. ಹೊಲ ಕಳೆದುಕೊಂಡವರು ಪರಿಹಾರದ ಹಣ ಮುಗಿದ ಬಳಿಕ ಕೂಲಿಯ ದಾರಿ ಹಿಡಿದರು. 1956ರ ನವೆಂಬರ 1ರವರೆಗೆ ನಮ್ಮ ಜಿಲ್ಲೆಯು ಮುಂಬಯಿ ರಾಜ್ಯಕ್ಕೆ ಸೇರಿದ್ದಿತು. ಅಂದು ನಮ್ಮವರು ದುಡಿಮೆಗಾಗಿ ಸೊಲ್ಲಾಪುರ, ಪುಣೆ, ಮುಂಬಯಿಗಳ ಕಡೆಗೆ ಮುಖ ಮಾಡುತ್ತಿದ್ದರು. ಇಂದಿಗೂ ಆ ದಾರಿ ಮುಚ್ಚಿಲ್ಲ. ಆದರೆ ಬೆಂಗಳೂರಿನ ದಾರಿ ಅದಕ್ಕಿಂತ ಅಗಲವಾಗಿದೆ. ಅಲ್ಲಿಯ ಎತ್ತರದ ಮಾಳಿಗೆಗಳ ಬದಿಯ ತಗಡಿನ ಶೆಡ್ಡುಗಳಲ್ಲಿ ನಮ್ಮ ಗೌಂಡಿಗಳಿದ್ದಾರೆ. ಬಂಗಲೆಗಳ ಬಾಗಿಲಲ್ಲಿ ನಮ್ಮ ಕಾವಲುಗಾರರಿದ್ದಾರೆ. ದವಾಖಾನೆಗಳಲ್ಲಿ ನಮ್ಮ ದಾದಿಯರಿದ್ದಾರೆ. ಲೆಕ್ಕಯಂತ್ರದ ಮುಂದೆ ಕುಳಿತು ಪರದೇಶದ ಹಗಲಿಗಾಗಿ ತಮ್ಮ ರಾತ್ರಿಯನ್ನು ಕೊಡುವ ನಮ್ಮ ತರುಣ ತರುಣಿಯರೂ ಇದ್ದಾರೆ. ಆ ನಗರದ ಬಸ್ಸನ್ನು ನಡೆಸುವ ಚಾಲಕ-ನಿರ್ವಾಹಕರೊಳಗೂ ಅನೇಕರು ನಮ್ಮ ಸೀಮೆಯವರೇ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಒಬ್ಬರಾದರೂ ಬೆಂಗಳೂರಿನಲ್ಲಿಲ್ಲದ ಮನೆ ಎಷ್ಟಿವೆಯೆಂದು ವಾಚಕರು ತಾವೇ ಎಣಿಸಿಕೊಳ್ಳಲಿ.

ಇವರೆಲ್ಲ ಅಲ್ಲಿಗೆ ಹೋಗುವದು ಹೇಗೆ? ಸಿಂದಗಿಗೂ ಮುದ್ದೇಬಿಹಾಳಕ್ಕೂ ರೇಲ್ವೆ ಹಳಿಯೇ ಇಲ್ಲ. ಇಂಡಿಯ ಹೆಸರಿನಲ್ಲಿಯೂ ಬಾಗೇವಾಡಿಯ ಹೆಸರಿನಲ್ಲಿಯೂ ಒಂದೊಂದು ‘ರೋಡ’ ನಿಲ್ದಾಣವುಂಟು. ಆದರೆ ಊರು ಒಂದು ಕಡೆ, ನಿಲ್ದಾಣ ಒಂದು ಕಡೆ. ಬಸವನ ಬಾಗೇವಾಡಿ ರೋಡ ನಿಲ್ದಾಣವು ಇರುವದು ತೆಲಗಿಯಲ್ಲಿ. ಆದುದರಿಂದ ಬಹುಪಾಲು ಜನರಿಗೆ ಸಂಜೆಯ ಬಸ್ಸೇ ಗತಿ. ಸಂಜೆ ಹೊರಟ ಬಸ್ಸು ಬೆಳಗಿನ ಜಾವಕ್ಕೆ, ಕೆಲವು ಸಲ ಅದಕ್ಕೂ ಮೊದಲೇ, ಬೆಂಗಳೂರನ್ನು ಮುಟ್ಟುವದು. ಐನೂರು ಕಿಲೋಮೀಟರನ್ನು ಒಂದೇ ನಿದ್ದೆಯಲ್ಲಿ ದಾಟಿಸಿದ ಸರಕಾರದ ವ್ಯವಸ್ಥೆಯು ಕೊನೆಯ ಹದಿನೈದು ಕಿಲೋಮೀಟರಿನ ಮುಂದೆ ಕೈಕಟ್ಟಿ ನಿಂತುಬಿಡುವದು. ನಮ್ಮ ತಕರಾರಿನ ತಿರುಳೆಲ್ಲ ಇಲ್ಲಿಯೇ ಇದೆ.

ರಾತ್ರಿ ಮೂರೂವರೆ ಗಂಟೆ. ರೊಟ್ಟಿಯ ಗಂಟು, ಶೇಂಗಾಹಿಂಡಿಯ ಡಬ್ಬಿ, ಹಾಸಿಗೆಯ ಸುರುಳಿ, ಕಂಕುಳಲ್ಲಿ ಕೂಸು—ಹೀಗೆ ಒಂದು ಕುಟುಂಬವು ಬಸ್ಸಿನಿಂದ ಇಳಿಯುವದು. ಮೆಟ್ರೋದ ಬಾಗಿಲು ಮುಚ್ಚಿದೆ. ಅದು ವಾರದ ದಿನಗಳಲ್ಲಿ ತೆರೆಯುವದು ಬೆಳಿಗ್ಗೆ 5 ಗಂಟೆಗೆ. ನಗರದ ಬಸ್ಸುಗಳು ರಾತ್ರಿಯಲ್ಲಿ ಇಲ್ಲವೇ ಇಲ್ಲವೆಂದಲ್ಲ. ಕೆಲವು ಮಾರ್ಗಗಳಲ್ಲಿ ಉಂಟು. ಆದರೆ ತಾನು ಹೋಗಬೇಕಾದ ಕಡೆಗೆ ಉಂಟೋ ಇಲ್ಲವೋ, ಉಂಟಾದರೆ ಎಷ್ಟು ಹೊತ್ತಿಗೆ ಎಂಬದನ್ನು ಹೊಸದಾಗಿ ಇಳಿದವನಿಗೆ ಹೇಳುವವರಿಲ್ಲ. ಹೇಳುವವರೆಂದರೆ ರಿಕ್ಷಾದವರು, ಅವರು ಹೇಳುವದು ಬಾಡಿಗೆಯ ಮೊತ್ತವೊಂದನ್ನೇ.

ಇದು ಬರಿಯ ಕಲ್ಪನೆಯಲ್ಲ. ಕೆಲವು ವರ್ಷಗಳ ಹಿಂದೆ ಈ ಲೇಖಕನು ತನ್ನ ವೃದ್ಧ ತಾಯಿಯನ್ನು ಚಿಕಿತ್ಸೆಗಾಗಿ ಆ ನಗರಕ್ಕೆ ಕರೆದೊಯ್ದಿದ್ದನು. ಬಸ್ಸು ಹೊತ್ತಿಗೆ ಮುಂಚೆಯೇ ಮುಟ್ಟಿತು. ರಿಕ್ಷಾದವನು ಕೇಳಿದ ಹಣವು ನಮ್ಮಿಬ್ಬರ ಊರಿನಿಂದ ಬಂದ ಟಿಕೀಟಿನ ಹಣಕ್ಕೆ ಸಮೀಪವಾಗಿದ್ದಿತು. “ಇಷ್ಟು ದೂರ ಬಂದದ್ದೇ ಸೋವಿ ಆಯಿತಲ್ಲೋ ತಮ್ಮಾ, ಬೆಳಕು ಹರೀಲಿ, ಕೂಡೋಣು” ಎಂದು ತಾಯಿ ಕಲ್ಲುಹಾಸಿನ ಮೇಲೆ ಸೆರಗು ಹಾಸಿದಳು. ಎರಡು ತಾಸು ಅವಳು ಥಂಡಿಯಲ್ಲಿ ಕುಳಿತಳು. ನಾವು ವಿದ್ಯಾವಂತರು, ಕಿಸೆಯಲ್ಲಿ ಹಣವಿದ್ದವರು, ನಮ್ಮ ಪಾಡೇ ಹೀಗಾದರೆ, ದಿನಗೂಲಿಯ ಲೆಕ್ಕದಲ್ಲಿ ಬಂದವರ ಪಾಡನ್ನು ವಿವರಿಸಬೇಕೇ?

ಇನ್ನು ಆ ನಗರದ ಕಡೆಯಿಂದ ವಿಚಾರಿಸೋಣ. 1905ರ ಅಗಸ್ಟ 5ರಂದು ಬೆಂಗಳೂರಿನ ಬೀದಿಯಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ದೀಪ ಬೆಳಗಿತು. ಬೀದಿಗೆ ದೀಪವಿಟ್ಟುದೇಕೆ? ರಾತ್ರಿಯಲ್ಲಿಯೂ ಮನುಷ್ಯನು ಬೀದಿಯಲ್ಲಿ ನಡೆಯಲೆಂದಲ್ಲವೇ? ದೀಪವನ್ನು ಕೊಟ್ಟ ಮೇಲೆ ಬಂಡಿಯನ್ನು ಕೊಡುವದು ಅದರ ಮುಂದಿನ ಹೆಜ್ಜೆ. ಇಂದು ಆ ನಗರವು ಮಲಗುವದೇ ಇಲ್ಲ. ಕೃಷ್ಣರಾಜ ಮಾರುಕಟ್ಟೆಯ ಹೂವಿನ ವ್ಯಾಪಾರವು ಕೋಳಿ ಕೂಗುವ ಮೊದಲೇ ಆರಂಭವಾಗುವದು. 2021ರ ಜಾನೆವಾರಿಯಲ್ಲಿ, ಹತ್ತು ಮತ್ತು ಅದಕ್ಕೆ ಮೇಲ್ಪಟ್ಟು ನೌಕರರುಳ್ಳ ಅಂಗಡಿ-ವಾಣಿಜ್ಯ ಸಂಸ್ಥೆಗಳು ದಿನದ 24 ತಾಸೂ ತೆರೆದಿರಬಹುದೆಂದು ರಾಜ್ಯ ಸರಕಾರವು ಅಪ್ಪಣೆ ಕೊಟ್ಟಿತು. 2024ರಲ್ಲಿ ಬೆಂಗಳೂರಿನ ಹೋಟೆಲು, ಮದ್ಯದಂಗಡಿಗಳಿಗೆ ರಾತ್ರಿ 1 ಗಂಟೆಯವರೆಗೆ ವ್ಯಾಪಾರಕ್ಕೆ ಅನುಮತಿ ದೊರೆಯಿತು. ಮೆಟ್ರೋದ ಕೊನೆಯ ಗಾಡಿಯೋ ಸುಮಾರು 11 ಗಂಟೆಗೇ ತುದಿನಿಲ್ದಾಣವನ್ನು ಬಿಡುವದು. ಒಂದು ಗಂಟೆಯವರೆಗೆ ಕುಡಿಯುವವನಿಗೆ ಅನುಮತಿಯಾಯಿತು; ಕುಡಿದವನು ಕಾರಿನಲ್ಲಿ ಹೋದನು. ಆತನ ತಟ್ಟೆಯನ್ನು ತೊಳೆದು, ಮೇಜನ್ನು ಒರೆಸಿ, ಬಾಗಿಲೆಳೆದು ಎರಡು ಗಂಟೆಗೆ ಹೊರಬಿದ್ದ ಸಿಂದಗಿಯ ಹುಡುಗನು ಯಾವುದರಲ್ಲಿ ಹೋಗಬೇಕು? ಅಪ್ಪಣೆಯ ಕಾಗದವನ್ನು ಬರೆದವರು ಈ ಪ್ರಶ್ನೆಯನ್ನು ತಮಗೆ ತಾವು ಕೇಳಿಕೊಂಡಂತೆ ಕಾಣುವದಿಲ್ಲ. ವ್ಯಾಪಾರದ ಹೊತ್ತನ್ನು ಹಿಗ್ಗಿಸಿ ವಾಹನದ ಹೊತ್ತನ್ನು ಹಿಗ್ಗಿಸದಿರುವದೆಂದರೆ, ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದಂತೆಯೇ ಸರಿ.

ರಾತ್ರಿಯ ಬಸ್ಸು ಆಗದ ಕೆಲಸವೆಂದು ಹೇಳುವವರು ವಿಮಾನ ನಿಲ್ದಾಣದ ಕಡೆಗೆ ಒಮ್ಮೆ ಕಣ್ಣು ಹಾಯಿಸಲಿ. ಅಲ್ಲಿಗೆ ಹೋಗುವ ‘ವಾಯುವಜ್ರ’ದ ತಂಪು ಬಸ್ಸುಗಳು ಹಗಲಿರುಳೆನ್ನದೆ ಓಡುತ್ತವೆ. ಓಡಲಿ, ಅದು ಒಳ್ಳೆಯದೇ. ಆದರೆ ಆಕಾಶದಿಂದ ಇಳಿದವನಿಗೆ ನಡುರಾತ್ರಿಯಲ್ಲಿ ಬಸ್ಸು ಸಿಕ್ಕುವದೂ, ಮುದ್ದೇಬಿಹಾಳದಿಂದ ನೆಲದ ಮೇಲೆಯೇ ಬಂದವನಿಗೆ ಸಿಕ್ಕದಿರುವದೂ ಯಾವ ನ್ಯಾಯ? ಚಾಲಕರಿದ್ದಾರೆ, ಬಸ್ಸುಗಳಿವೆ, ರಾತ್ರಿ ಓಡಿಸುವ ರೂಢಿಯೂ ಇದೆ. ಇಲ್ಲದಿರುವದು ಮನಸ್ಸು ಮಾತ್ರ.

ಈಗ ಪ್ರತಿಪಕ್ಷದವರ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಳ್ಳುವೆವು.

ಮೊದಲನೆಯ ಆಕ್ಷೇಪವು ನಷ್ಟದ್ದು. ನಡುರಾತ್ರಿಯಲ್ಲಿ ಬಸ್ಸು ತುಂಬುವದಿಲ್ಲವೆಂಬದು ನಿಜ. ಅದನ್ನು ನಾವು ಮುಚ್ಚಿಡುವದಿಲ್ಲ. ಆದರೆ ಬೀದಿಯ ದೀಪವು ಯಾರಿಗೆ ಲಾಭ ತಂದುಕೊಟ್ಟಿದೆ? ಇರುಳು ತೆರೆದಿರುವ ದವಾಖಾನೆಯ, ಪೋಲೀಸ ಠಾಣೆಯ, ಅಗ್ನಿಶಾಮಕ ದಳದ ಜಮಾಖರ್ಚನ್ನು ರಾತ್ರಿಯೊಂದಕ್ಕೇ ಬೇರೆ ಮಾಡಿ ನೋಡುವವರು ಯಾರು? ಮೇಲಾಗಿ ರಾತ್ರಿಯ ಬಸ್ಸಿನ ಫಲವು ರಾತ್ರಿಯಲ್ಲಷ್ಟೇ ದೊರೆಯುವದಲ್ಲ. ಹಿಂದಿರುಗುವಾಗ ಬಸ್ಸು ಇಲ್ಲವೆಂದು ತಿಳಿದವನು ಹೋಗುವಾಗಲೂ ಬಸ್ಸನ್ನು ಹತ್ತುವದಿಲ್ಲ. ಸಾಲ ಮಾಡಿಯಾದರೂ ಒಂದು ದ್ವಿಚಕ್ರಿಯನ್ನು ಕೊಳ್ಳುವನು. ಕೊಂಡ ಮೇಲೆ ಹಗಲಿನಲ್ಲಿಯೂ ಅದನ್ನೇ ಏರುವನು. ಹೀಗೆ ರಾತ್ರಿಯ ಒಂದು ಬಸ್ಸನ್ನು ಉಳಿಸಲು ಹೋಗಿ ಹಗಲಿನ ಪ್ರಯಾಣಿಕನನ್ನು ಕಳೆದುಕೊಳ್ಳುವದೂ, ಆ ಊರಿನ ಕುಪ್ರಸಿದ್ಧವಾದ ರಸ್ತೆದಟ್ಟಣೆಗೆ ಇನ್ನೊಂದು ಬಂಡಿಯನ್ನು ಕೂಡಿಸುವದೂ ಜಾಣತನವಲ್ಲ.

ವೆಚ್ಚವಾದರೂ ಎಷ್ಟಾಗಬಹುದು? ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯಲ್ಲಿ ಆರು ಸಾವಿರಕ್ಕೆ ಮೇಲ್ಪಟ್ಟು ಬಸ್ಸುಗಳಿವೆ. ನಡುವಿನ ನಿಲ್ದಾಣದಿಂದ ಇಪ್ಪತ್ತು ದಿಕ್ಕಿನ ಹೆದ್ದಾರಿಗಳಲ್ಲಿ ಗಂಟೆಗೊಂದು ಬಸ್ಸು ಹೊರಡಲಿ ಎನ್ನೋಣ. ಬರಿದಾದ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರು ಹೋಗಿ ತಿರುಗಿ ಬರಲು ಎರಡು ತಾಸು ಸಾಕು. ಅಂದರೆ ಮಾರ್ಗಕ್ಕೆ ಎರಡರಂತೆ ನಲವತ್ತು ಬಸ್ಸು. ಕೆಟ್ಟು ನಿಂತರೆ ಬೇಕಾದೀತೆಂದು ಇನ್ನೂ ಹತ್ತು. ಒಟ್ಟು ಐವತ್ತು. ನೂರಿಪ್ಪತ್ತು ಬಸ್ಸುಗಳಲ್ಲಿ ಒಂದು ಎಚ್ಚರಿದ್ದರೆ ಇಷ್ಟೆಲ್ಲ ಸಾಧ್ಯವಾಗುವದು. ಎಲ್ಲ ದಿಕ್ಕಿನ ಬಸ್ಸುಗಳೂ ಗಂಟೆಗೊಮ್ಮೆ ಒಂದೇ ಹೊತ್ತಿಗೆ ನಡುವಿನ ನಿಲ್ದಾಣಕ್ಕೆ ಬಂದು, ಹತ್ತು ನಿಮಿಷ ನಿಂತು, ಒಮ್ಮೆಲೇ ಹೊರಟರೆ ಒಂದರಿಂದಿಳಿದು ಇನ್ನೊಂದನ್ನು ಏರುವವನಿಗೆ ಕಾಯುವ ಕಷ್ಟವೂ ತಪ್ಪುವದು. ಯಾವ ದಿಕ್ಕಿಗೆ ಜನ ಹೆಚ್ಚೆಂಬದು ಗೊತ್ತಾಗುವದು ಹೇಗೆಂದರೆ, ಅದಕ್ಕೂ ದಾರಿಯುಂಟು. ದಕ್ಷಿಣ ಕೊರಿಯದ ಸೋಲ್ ನಗರದಲ್ಲಿ 2013ರಲ್ಲಿ ‘ಗೂಗೆ ಬಸ್ಸು’ಗಳನ್ನು ಆರಂಭಿಸಿದಾಗ, ನಡುರಾತ್ರಿಯ ಮೇಲೆ ಎಲ್ಲೆಲ್ಲಿಂದ ದೂರವಾಣಿಯ ಕರೆಗಳು ಹೋಗುತ್ತವೆಂಬದನ್ನು ಲೆಕ್ಕ ಹಾಕಿ, ಜನ ಎಚ್ಚರಿರುವ ಕಡೆಗೇ ಮಾರ್ಗಗಳನ್ನು ಗೊತ್ತುಪಡಿಸಿದರು. ಲಂಡನ್ನಿನಲ್ಲಿ ರಾತ್ರಿ ಬಸ್ಸು ಆರಂಭವಾದುದು 1913ರಲ್ಲಿ. ನೂರು ವರ್ಷಕ್ಕೆ ಮೀರಿದ ಪದ್ಧತಿಯನ್ನು ನಾವು ಹೊಸ ಹುಚ್ಚೆಂದು ಕರೆಯುವದು ತರವಲ್ಲ.

ಎರಡನೆಯ ಆಕ್ಷೇಪವು ಮೆಟ್ರೋದ ಬಗ್ಗೆ. ರಾತ್ರಿಯಲ್ಲಿ ಹಳಿಗಳ ತಪಾಸಣೆ, ದುರಸ್ತಿ ಆಗಬೇಕು. ಹಳಿಯ ಬದಿಯಲ್ಲಿಯೇ ಹರಿಯುವ ವಿದ್ಯುತ್ತನ್ನು ನಿಲ್ಲಿಸದೆ ಕೆಲಸಗಾರರನ್ನು ಇಳಿಸುವದು ಸಾಧ್ಯವಿಲ್ಲ ಎಂದು ಇಂಜಿನಿಯರರು ಹೇಳುವರು. ಈ ಮಾತನ್ನು ನಾವು ಒಪ್ಪುತ್ತೇವೆ. ನ್ಯೂಯಾರ್ಕಿನ ನೆಲದೊಳಗಿನ ಗಾಡಿಯು 1904ರಿಂದ ಹಗಲಿರುಳು ಓಡುತ್ತಿದೆ. 2020ರ ಮೇ ತಿಂಗಳಿಂದ ಒಂದು ವರ್ಷ ಕೊವಿಡ್ ಪಿಡುಗಿನ ಕಾಲದಲ್ಲಿ ಮಾತ್ರ ರಾತ್ರಿ ಕೆಲವು ತಾಸು ನಿಂತಿದ್ದಿತು. ಆದರೆ ಅಲ್ಲಿಯ ಮುಖ್ಯ ಮಾರ್ಗಗಳಲ್ಲಿ ನಾಲ್ಕು ಹಳಿಗಳಿರುವದರಿಂದ ಎರಡರಲ್ಲಿ ದುರಸ್ತಿ, ಎರಡರಲ್ಲಿ ಓಡಾಟ ಸಾಧ್ಯ. ನಮ್ಮಲ್ಲಿ ಇರುವದು ಎರಡೇ. ಲಂಡನ್ನಿನವರೂ 2016ರಿಂದ ವಾರದ ಎರಡು ರಾತ್ರಿ ಮಾತ್ರ, ಅದೂ ಕೆಲವೇ ಮಾರ್ಗಗಳಲ್ಲಿ, ಗಾಡಿಯನ್ನು ಓಡಿಸುತ್ತ ಬಂದಿದ್ದಾರೆ. ಆದುದರಿಂದ ಮೆಟ್ರೋ ಇಡೀ ರಾತ್ರಿ ಓಡಲೆಂದು ನಾವು ಹಟ ಹಿಡಿಯುವದಿಲ್ಲ. ಮೆಟ್ರೋ ಮಲಗಿದಾಗ ಅದರ ಕೆಳಗಿನ ರಸ್ತೆಯಲ್ಲಿ ಬಸ್ಸು ಎಚ್ಚರಿರಲಿ ಎಂಬದಷ್ಟೇ ನಮ್ಮ ಕೇಳಿಕೆ. ಇನ್ನೊಂದು ಮಾತು. 2025ರ ಜಾನೆವಾರಿ 13ರಿಂದ ಸೋಮವಾರಗಳಂದು ಮೆಟ್ರೋ ಬೆಳಗಿನ 4-15ಕ್ಕೇ ಹೊರಡತೊಡಗಿತು. ಊರಿಗೆ ಹೋಗಿ ರವಿವಾರದ ರಾತ್ರಿಯ ಬಸ್ಸಿಗೆ ಮರಳುವವರ ಅನುಕೂಲವನ್ನು ನೋಡಿಯೇ ಇದನ್ನು ಮಾಡಿದರು. ಅವರನ್ನು ಅಭಿನಂದಿಸೋಣ, ಜೊತೆಗೇ ಕೇಳೋಣ: ಮಂಗಳವಾರ ಬಂದವನು ಮಾಡಿದ ತಪ್ಪೇನು? ಒಂದು ದಿನ ಸಾಧ್ಯವಾದುದನ್ನು ಉಳಿದ ದಿನಗಳಲ್ಲಿ ಅಸಾಧ್ಯವೆನ್ನುವದು ಹೇಗೆ?

ಮೂರನೆಯ ಆಕ್ಷೇಪವು ಸ್ತ್ರೀಯರ ಸುರಕ್ಷಿತತೆಯ ಹೆಸರಿನಲ್ಲಿ ಬರುವದು. “ರಾತ್ರಿ ಬಸ್ಸು ಬಿಟ್ಟರೆ ಹೆಣ್ಣುಮಕ್ಕಳು ರಾತ್ರಿ ತಿರುಗುವಂತಾಗುವದು, ಅದು ಅಪಾಯ” ಎನ್ನುವವರಿದ್ದಾರೆ. ಹೆಣ್ಣುಮಕ್ಕಳು ಈಗಲೂ ರಾತ್ರಿ ದುಡಿಯುತ್ತಿದ್ದಾರೆಂಬದನ್ನು ಇವರು ಮರೆತಿದ್ದಾರೆ. 2012ರ ಡಿಸೆಂಬರ 16ರ ರಾತ್ರಿ ದಿಲ್ಲಿಯ ಮುನಿರ್ಕಾದಲ್ಲಿ ಮನೆಗೆ ಮರಳಲು ವಾಹನವಿಲ್ಲದೆ ನಿಂತ ಇಬ್ಬರು, ಸಾರ್ವಜನಿಕರನ್ನು ಸಾಗಿಸುವ ಅಧಿಕಾರವೇ ಇಲ್ಲದ ಒಂದು ಖಾಸಗಿ ಬಸ್ಸನ್ನು ಹತ್ತಿದರು. ಆ ಮೇಲೆ ನಡೆದುದನ್ನು ಇಡೀ ದೇಶ ಬಲ್ಲದು. 2005ರ ಡಿಸೆಂಬರದಲ್ಲಿ ಬೆಂಗಳೂರಿನಲ್ಲಿಯೇ ರಾತ್ರಿ ಪಾಳಿಗೆ ಹೊರಟ ಉದ್ಯೋಗಿಯೊಬ್ಬಳನ್ನು ಕರೆದೊಯ್ಯಲು ಬಂದ ಕಾರಿನ ಚಾಲಕನೇ ಕೊಂದನು. ಈ ಎರಡು ಘಟನೆಗಳಿಂದ ಕಲಿಯಬೇಕಾದ ಪಾಠವೇನು? ಹೆಣ್ಣು ಮನೆಯಲ್ಲಿರಬೇಕೆಂಬದೇ? ಅಲ್ಲ, ಗೊತ್ತಾದ ಹೊತ್ತಿಗೆ, ಗೊತ್ತಾದ ದಾರಿಯಲ್ಲಿ, ಗುರುತಿನ ಬಿಲ್ಲೆಯುಳ್ಳ ನಿರ್ವಾಹಕನೊಡನೆ, ನಾಲ್ಕು ಜನ ಸಹಪ್ರಯಾಣಿಕರ ನಡುವೆ ಹೋಗುವ ಸಾರ್ವಜನಿಕ ಬಸ್ಸು ಇಲ್ಲದಿರುವದೇ ಅಪಾಯದ ಒಂದು ಮೂಲವೆಂಬದು. ನೆಗಡಿಯಾಯಿತೆಂದು ಮೂಗನ್ನು ಕೊಯ್ದುಕೊಳ್ಳುವದು ವಿವೇಕವಲ್ಲ. 2023ರ ಜೂನ 11ರಿಂದ ‘ಶಕ್ತಿ’ ಯೋಜನೆಯಂತೆ ರಾಜ್ಯದ ಸ್ತ್ರೀಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೀಟಿನ ಹಣವಿಲ್ಲ. ಆದರೆ ಈ ಶಕ್ತಿಯು ಕೊನೆಯ ಬಸ್ಸಿನೊಡನೆ ಮಲಗಿಬಿಡುವದು. ಹತ್ತು ದಿನಗಳ ಹಗಲಿನಲ್ಲಿ ಸರಕಾರವು ಉಳಿಸಿಕೊಟ್ಟುದನ್ನು ಒಂದು ರಾತ್ರಿಯ ರಿಕ್ಷಾ ನುಂಗಿದರೆ ಉಳಿದುದೇನು?

ಇಲ್ಲಿ ನಮ್ಮ ಸೀಮೆಯ ಒಂದು ಸಂಗತಿಯನ್ನು ನೆನೆಯುವದು ಉಚಿತ. ಹಲಸಂಗಿಯ ಗೆಳೆಯರು ಊರೂರು ತಿರುಗಿ ಕೂಡಿಸಿದ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಆ ತ್ರಿಪದಿಗಳಲ್ಲಿ ಎಷ್ಟೋ ಹುಟ್ಟಿದುದು ಬೀಸುವ ಕಲ್ಲಿನ ಮುಂದೆ, ಇರುಳಿನ ಕೊನೆಯ ಜಾವದಲ್ಲಿ. ಊರು ಮಲಗಿದಾಗ ಜೋಳ ಬೀಸಿದ ಆ ಹೆಣ್ಣುಮಗಳ ಶ್ರಮವನ್ನು ನಾವು ಸಾಹಿತ್ಯವೆಂದು ತಲೆಯ ಮೇಲೆ ಹೊತ್ತಿದ್ದೇವೆ. ಅದೇ ಜಾವದಲ್ಲಿ ದವಾಖಾನೆಯ ಪಾಳಿ ಮುಗಿಸಿ ಬೀದಿಗೆ ಬಂದ ಅವಳ ಮೊಮ್ಮಗಳು ಮನೆ ಮುಟ್ಟುವದು ಹೇಗೆಂಬ ಪ್ರಶ್ನೆಯು ಸಾಹಿತ್ಯ ಸಂಘಕ್ಕೆ ಸಂಬಂಧಿಸಿದುದಲ್ಲವೆಂದರೆ, ನಾವು ಹಾಡನ್ನು ಪ್ರೀತಿಸಿದೆವೇ ಹೊರತು ಹಾಡಿದವಳನ್ನಲ್ಲ. ಕಾಯಕದ ಮಹಿಮೆಯನ್ನು ಜಗತ್ತಿಗೆ ಸಾರಿದ ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮದು. ಕಾಯಕವು ಹಗಲಿನದಾದರೇನು, ಇರುಳಿನದಾದರೇನು?

ನಾಲ್ಕನೆಯ ಆಕ್ಷೇಪವು ಚಾಲಕ-ನಿರ್ವಾಹಕರ ಪರವಾದುದು. ಇದನ್ನು ನಾವು ಗೌರವದಿಂದ ಕೇಳಬೇಕು. ನಿದ್ದೆಗೆಟ್ಟು ದುಡಿಯುವ ಭಾರವೆಲ್ಲ ಅವರ ಮೇಲೆ ಬೀಳುವದಲ್ಲವೇ? ಬೀಳುವದು. ಅವರೊಳಗೆ ನಮ್ಮ ಮನೆಯ ಮಕ್ಕಳೇ ಇರುವದರಿಂದ ಇದನ್ನು ಹಗುರಾಗಿ ಕಾಣಲಾರೆವು. ಆದುದರಿಂದ ರಾತ್ರಿ ಪಾಳಿಗೆ ಹೆಚ್ಚಿನ ಭತ್ತೆ, ಪಾಳಿಯ ಮರುದಿನ ಪೂರ್ಣ ವಿಶ್ರಾಂತಿ, ತುದಿನಿಲ್ದಾಣದಲ್ಲಿ ಮಲಗಲು ಕೋಣೆ, ಶೌಚಗೃಹ, ಬಿಸಿನೀರು—ಇವಿಲ್ಲದೆ ರಾತ್ರಿಯ ಬಸ್ಸು ಬೇಡ. ಒಬ್ಬ ದುಡಿಮೆಗಾರನ ಅನುಕೂಲಕ್ಕಾಗಿ ಇನ್ನೊಬ್ಬ ದುಡಿಮೆಗಾರನನ್ನು ಸವೆಸುವದು ನಮ್ಮ ಉದ್ದೇಶವಲ್ಲ.

ಕೊನೆಯದಾಗಿ, ಹಿರಿಯರ ಮೂಲಪ್ರಶ್ನೆ: “ನಮಗೇನು?” ಒಂದೇ ಆಗಿದ್ದ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯು 1997ರಿಂದೀಚೆ ನಾಲ್ಕಾಗಿ ಒಡೆಯಿತು. ಬೆಂಗಳೂರಿನ ನಗರ ಬಸ್ಸು ಒಂದು ಸಂಸ್ಥೆಯದು. ನಮ್ಮ ನಾಲ್ಕು ತಾಲೂಕುಗಳ ಬಸ್ಸು ಕಲಬುರ್ಗಿಯಲ್ಲಿ ಮುಖ್ಯ ಕಚೇರಿಯುಳ್ಳ, 2021ರಿಂದ ‘ಕಲ್ಯಾಣ ಕರ್ನಾಟಕ’ವೆಂದು ಹೆಸರಾದ ಇನ್ನೊಂದು ಸಂಸ್ಥೆಯದು. ಮನೆ ಪಾಲಾದರೂ ಅಂಗಳ ಒಂದೇ ಇರಬೇಕಷ್ಟೆ. ನಮ್ಮ ಬಸ್ಸು ಬರುವ ಹೊತ್ತನ್ನು ನೋಡಿ ಅಲ್ಲಿಯ ಬಸ್ಸು ಹೊರಡುವಂತೆ ಮಾಡಲು ಕೋಟಿಗಟ್ಟಲೆ ಹಣ ಬೇಡ. ಎರಡು ಕಚೇರಿಯ ಅಧಿಕಾರಿಗಳು ಒಂದು ಮೇಜಿನ ಎದುರು ಕುಳಿತರೆ ಸಾಕು. ಅವರು ತಾವಾಗಿ ಕುಳಿತುಕೊಳ್ಳರು; ಕೂಡ್ರಿಸುವವರು ನಾವಾಗಬೇಕು. ಬೆಂಗಳೂರಿನ ಮತದಾರನಿಗೆ ರಾತ್ರಿ ಮೂರು ಗಂಟೆಗೆ ಮೆಜೆಸ್ಟಿಕ್ಕಿನಲ್ಲಿ ಇಳಿಯುವ ಪ್ರಸಂಗವೇ ಬಾರದು. ಆ ಕಷ್ಟವು ನಮ್ಮದು, ಆದುದರಿಂದ ಕೂಗೂ ನಮ್ಮದೇ ಆಗಬೇಕು.

ಮಾಡಬೇಕಾದುದು ಇಷ್ಟು. ಬೆಂಗಳೂರಿನ ಮುಖ್ಯ ಮಾರ್ಗಗಳಲ್ಲಿ ರಾತ್ರಿಯಿಡೀ ಗಂಟೆಗೊಂದು ಬಸ್ಸು. ಅದರ ವೇಳಾಪತ್ರಿಕೆಯು ನಿಲ್ದಾಣದಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಕಾಣುವಂತಿರಬೇಕು. ಸೋಮವಾರದ ಮೆಟ್ರೋದ ವೇಳೆಯು ವಾರದ ಎಲ್ಲ ದಿನಗಳಿಗೂ ಅನ್ವಯಿಸಬೇಕು. ನಮ್ಮ ಜಿಲ್ಲೆಯಲ್ಲಿಯೇ ಇಂಡಿ ರೋಡ, ತೆಲಗಿಯ ನಿಲ್ದಾಣಗಳಿಗೆ ಅವೇಳೆಯಲ್ಲಿ ಬರುವ ಗಾಡಿಗಳಿಗೆ ಊರಿನಿಂದ ಒಂದೊಂದು ಬಸ್ಸು ಹೋಗಿ ಕಾಯಬೇಕು. ರಾಜಧಾನಿಗೆ ಬುದ್ಧಿ ಹೇಳುವವರು ತಮ್ಮ ಅಂಗಳವನ್ನೂ ಗುಡಿಸಬೇಕಷ್ಟೆ. ಈ ಬೇಡಿಕೆಗಳನ್ನು ನಮ್ಮ ಸಂಘದ ಮುಂದಿನ ಸಭೆಯಲ್ಲಿ ಠರಾವಿನ ರೂಪದಲ್ಲಿ ಮಂಡಿಸಿ, ನಾಲ್ಕೂ ತಾಲೂಕುಗಳ ಶಾಸಕರಿಗೆ ಕಳುಹಿಸಬೇಕೆಂದು ಸೂಚಿಸುತ್ತೇನೆ. ಅದರೊಡನೆ ಪ್ರತಿಯೊಬ್ಬ ವಾಚಕನೂ ತನ್ನ ಮನೆಯವರು ಯಾವ ದಿನ, ಎಷ್ಟು ಹೊತ್ತಿಗೆ ಅಲ್ಲಿ ಇಳಿದರು, ಎಷ್ಟು ಹೊತ್ತು ಕಾದರು, ಎಷ್ಟು ತೆತ್ತರು ಎಂಬದನ್ನು ಒಂದು ಕಾಗದದಲ್ಲಿ ಬರೆದುಕೊಟ್ಟರೆ, ಆ ಕಾಗದಗಳ ಕಟ್ಟು ನನ್ನ ಈ ಲೇಖನಕ್ಕಿಂತ ನೂರ್ಮಡಿ ಬಲವಾದ ವಾದವಾದೀತು.

2020ರ ಮೇ ತಿಂಗಳಲ್ಲಿ, ಪಿಡುಗಿನ ಭಯದಿಂದ ಊರಿಗೆ ಹೊರಟ ಕೂಲಿಕಾರರು ಬೆಂಗಳೂರಿನ ನಿಲ್ದಾಣದಲ್ಲಿ ನೆರೆದಾಗ, ಸರಕಾರವು ಮೊದಲು ಟಿಕೀಟಿನ ಹಣ ಕೇಳಿ, ಬಳಿಕ ನಾಡೆಲ್ಲ ಎತ್ತಿದ ಕೂಗಿಗೆ ಮಣಿದು ಅವರನ್ನು ಪುಕ್ಕಟೆಯಾಗಿ ಊರಿಗೆ ಮುಟ್ಟಿಸಿತು. ಕೂಗಿದರೆ ಕೇಳಿಸುವದೆಂಬದಕ್ಕೆ ಇದೇ ಸಾಕ್ಷಿ. 1956ರಲ್ಲಿ ಕನ್ನಡ ನಾಡು ಒಂದಾಯಿತೆಂದು ನಾವು ವರ್ಷಕ್ಕೊಮ್ಮೆ ಧ್ವಜವೇರಿಸುತ್ತೇವೆ. ನಕಾಶೆಯ ಗೆರೆ ಅಳಿಸಿದ ಮಾತ್ರಕ್ಕೆ ನಾಡು ಒಂದಾಗದು. ಮುದ್ದೇಬಿಹಾಳದ ತಾಯೊಬ್ಬಳು ಬೆಳಗಿನ ಮೂರೂವರೆಗೆ ತನ್ನ ರಾಜಧಾನಿಯಲ್ಲಿ ಇಳಿದು, ಯಾರಿಗೂ ಕೈಮುಗಿಯದೆ, ಯಾರಿಗೂ ಹೆದರದೆ, ಮಗಳ ಮನೆಯ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತ ದಿನ ಆ ಏಕೀಕರಣವು ಅವಳ ಪಾಲಿಗೆ ನಿಜವಾಗುವದು.